ಏರಿಯಮ್ಮನ ಅಚ್ಚು

ಜೂನ್ 17, 2007, ಭಾನುವಾರ

ಇವತ್ತು ತೂಬಿನದೊಡ್ಡಿಗೆ ಹೋಗಿಬಂದೆವು. ನಾವು ಎಂದರೆ ನಾನು ಮತ್ತು ಅಶ್ವಥ್. ಊರು ಅವನದೇ. ಕನಕಪುರದ ರಸ್ತೆಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕು. ದಾರಿಯುದ್ದಕ್ಕೂ ಕಾರ್ಖಾನೆಗಳ ಕಾಂಪೌಂಡು ಏಳುತ್ತಿದೆ. ಹಿಪ್ಪುನೇರಳೆ ತೋಟಗಳ ನಡುವೆಯೇ ಬಣ್ಣ ಬಳಿದ ಗಡಿಕಲ್ಲು ನೆಟ್ಟಿದ್ದಾರೆ.

ರಾಧಾಮಣಿ ಮೇಡಂ ಇತಿಹಾಸ ತೆಗೆದುಕೊಂಡ ಕೊನೆಯ ವರ್ಷದ ನಮಗೆಲ್ಲ ಒಂದೊಂದು ಊರು ಹಂಚಿದ್ದಾರೆ. ಊರಿನವರಿಂದ ದೇವರ ಕಥೆ ಕೇಳಬೇಕು, ದೇವರ ಕಲ್ಲು ನೋಡಬೇಕು, ಆಮೇಲೆ ಬೆಂಗಳೂರಿನ ಪತ್ರಾಗಾರದಲ್ಲಿ ಹಳೆಯ ದಾಖಲೆ ಹುಡುಕಬೇಕು. ಮೂರನ್ನೂ ಪಕ್ಕಪಕ್ಕ ಇಟ್ಟು ಪ್ರಬಂಧ ಬರೆಯಬೇಕು. ಜುಲೈ ಕೊನೆಗೆ ಅಂತರ ಕಾಲೇಜು ವಿಚಾರ ಸಂಕಿರಣವಿದೆ. ಅಲ್ಲಿ ಗೆದ್ದವರಿಗೆ ಮೈಸೂರಿನಲ್ಲಿ ಎಂ.ಎ. ಮಾಡಲು ಮೇಡಂ ತಾವೇ ಶಿಫಾರಸು ಮಾಡುತ್ತಾರಂತೆ. ನನಗೆ ಅದು ಬೇಕು. ಬೇಕು ಅಂದರೆ ಬೇಕೇ ಬೇಕು.

ಸಾವನದುರ್ಗ ಸಿಕ್ಕವರು ಪುಣ್ಯವಂತರು, ಪಿಕ್ನಿಕ್ಕೂ ಆಯಿತು. ನಮಗೆ ಸಿಕ್ಕಿದ್ದು ಅರೆ ಒಣಗಿದ ಕೆರೆ, ಅದರ ಏರಿ, ಏರಿಯ ಮೇಲೊಂದು ಕಲ್ಲು. ಕಲ್ಲಿಗೆ ಏರಿಯಮ್ಮ ಎಂದು ಹೆಸರು. ಕಥೆ ಹೇಳಿದ್ದು ಅಶ್ವಥನ ಅಜ್ಜಿ ಚಿಕ್ಕಲಕ್ಷ್ಮಮ್ಮ. ಕಲ್ಲಿನ ಪೂಜೆಯೂ ಅವರದೇ.

“ಗೌರಿ ಹಬ್ಬಕ್ಕೆ ತವ್ರಿಗೆ ಹೊಂಟಿದ್ಲಂತೆ ಕಣವ್ವ, ತುಂಬಿದ ಬಸುರಿ. ಏರಿ ಮ್ಯಾಲೆ ಬರೋ ಹೊತ್ಗೆ ಸರ್ಯಾಗಿ ಏರಿ ಒಡ್ದೋಯ್ತು. ಕೂಗಿದ್ಲು, ಯಾರೂ ಬರ್ನಿಲ್ಲ. ಒಡಕಿಗೆ ಬೆನ್ನು ಕೊಟ್ಟು ಕುಂತ್ಬುಟ್ಲು. ಊರೋರು ಓಡ್ಬಂದು ಮಣ್ಣು ಹಾಕುದ್ರು, ನೀರು ನಿಂತ್ಕತು. ಅವಳು ಮಾತ್ರ ಏಳ್ನಿಲ್ಲ.”

ತವರು ಸೇರದೆ ಹೋದಳಲ್ಲ, ಅದಕ್ಕೆ ಈ ಊರೇ ಅವಳಿಗೆ ತವರು. ಪ್ರತಿ ಗೌರಿ ಹಬ್ಬಕ್ಕೆ ಹೆಂಗಸರು ಕಲ್ಲಿಗೆ ಹೊಸ ರವಿಕೆ ಬಟ್ಟೆ ಸುತ್ತಿ, ಅಕ್ಕಿ ಬೆಲ್ಲ ಕೊಬ್ಬರಿ ಬಳೆ ಇಟ್ಟು ಮಡ್ಲಕ್ಕಿ ಕಟ್ಟುತ್ತಾರೆ. ಕಥೆಗೆ ಕುಂದಿಲ್ಲ. ಆದರೆ ಕಲ್ಲನ್ನು ನೋಡಿದರೆ ಅಳು ಬರುತ್ತದೆ. ಎಣ್ಣೆ, ಅರಿಶಿನ, ಕುಂಕುಮ ಮೆತ್ತಿ ಮೆತ್ತಿ ಕಲ್ಲು ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಈ ಕೊಳೆ ಕೆರೆದರೆ ಕೆಳಗೆ ಅಕ್ಷರ ಸಿಗಬಹುದು ಅಂದೆ. ಅಜ್ಜಿಯ ಮುಖ ಗಂಟಾಯಿತು.

“ಕೊಳೆ ಅನ್ಬ್ಯಾಡ. ಅದ್ರಾಗೆ ನಮ್ಮತ್ತೆ ಹಚ್ಚಿದ್ದೈತೆ, ಅವರತ್ತೆ ಹಚ್ಚಿದ್ದೈತೆ. ಉಗುರು ತಾಕುಸ್ಕೂಡ್ದು.”

ಸರಿ ಅಜ್ಜಿ ಅಂದೆ. ಮುದ್ದೆ, ಬಸ್ಸಾರು ಹಾಕಿದರು. ಎರಡನೇ ಮುದ್ದೆ ಬೇಡವೆಂದರೂ ಬಿಡಲಿಲ್ಲ.

ಜೂನ್ 24, ಭಾನುವಾರ

ಅಚ್ಚು ತೆಗೆಯುವುದು ಕೇಳಲು ಸುಲಭ. ಕಲ್ಲು ತೊಳೆಯಬೇಕು, ಒದ್ದೆ ಕಾಗದ ಅಂಟಿಸಬೇಕು, ಕೆತ್ತಿದ ಕಡೆಯೆಲ್ಲ ಕಾಗದ ಒಳಕ್ಕೆ ಇಳಿಯುವಂತೆ ಬ್ರಷ್ಷಿನಿಂದ ಬಡಿಯಬೇಕು, ಮೇಲೆ ಮಸಿ ಒತ್ತಬೇಕು. ಕೆತ್ತಿದ್ದು ಬೆಳ್ಳಗೆ ಉಳಿಯುತ್ತದೆ, ಮಿಕ್ಕಿದ್ದು ಕಪ್ಪಾಗುತ್ತದೆ. ಮೇಡಂ ಕಾಲೇಜಿನ ಹಿತ್ತಲಲ್ಲಿ ಮಾಡಿ ತೋರಿಸಿದಾಗ ಹಾಗೇ ಆಗಿತ್ತು.

ಇಲ್ಲಿ ಅಜ್ಜಿ ತಣ್ಣೀರು ಚಿಮುಕಿಸಲು ಬಿಟ್ಟರೇ ಹೊರತು ಉಜ್ಜಲು ಬಿಡಲಿಲ್ಲ. ಎಣ್ಣೆಯ ಮೇಲೆ ಕಾಗದ ಅಂಟಲಿಲ್ಲ. ಅಂಟಿದ ಕಡೆ ಹರಿಯಿತು. ಕೊನೆಗೆ ಸಿಕ್ಕಿದ್ದು ಮಸಿ, ಅರಿಶಿನ ಕಲಸಿದ ಒಂದು ಮುದ್ದೆ. ಮೇಲೊಂದು ಉಬ್ಬು, ಅದು ತಲೆಯಿರಬಹುದು. ಅಶ್ವಥ್ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಹಲಸಿನಹಣ್ಣು ಇದ್ದಂಗೈತೆ” ಅಂದ. ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ.

ಜುಲೈ 5, ಗುರುವಾರ

ಸಿಕ್ಕಿತು! ಸಿಕ್ಕಿತು!

ಪತ್ರಾಗಾರಕ್ಕೆ ಒಬ್ಬಳೇ ಹೋಗಿದ್ದೆ. ಅಶ್ವಥನ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಶುರುಮಾಡಿದ್ದವು, ಅವನು ಬರಲಿಲ್ಲ. ಬ್ರಿಟಿಷರ ಕಾಲದಲ್ಲಿ ಊರೂರು ಅಲೆದು ಶಾಸನ ಬರೆದುಕೊಂಡವರ ಒಂದು ಸಂಪುಟ ಕೊಟ್ಟರು. ಪುಟ ಮುಟ್ಟಿದರೆ ಪುಡಿಯಾಗುತ್ತದೆ. ಅದರಲ್ಲಿ ನಮ್ಮ ತೂಬಿನದೊಡ್ಡಿ! ಕೆರೆಯ ಹತ್ತಿರ ಒಂದು ವೀರಗಲ್ಲು, ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ಬಿಡಿಸಲು ಕಾದಾಡಿ ಸತ್ತ ಬೊಮ್ಮ ಎಂಬುವನದು ಎಂದಿದೆ.

ಏರಿಯಮ್ಮ ಹೆಂಗಸೇ ಅಲ್ಲ. ಮೀಸೆ ಹೊತ್ತ ಗಂಡಸು. ಅವನಿಗೆ ಇಷ್ಟು ವರ್ಷ ಬಳೆ ತೊಡಿಸುತ್ತಿದ್ದಾರೆ. ನನಗೆ ನಗು ತಡೆಯಲಾಗದೆ ಪತ್ರಾಗಾರದ ಶುಕೂರ್ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.

ಸಂಪುಟದಲ್ಲಿ ಕಲ್ಲು ತೂಬಿನ ಕೆಳಗಿದೆ ಎಂದು ಬರೆದಿದ್ದಾರೆ. ನಮ್ಮದು ಏರಿಯ ಮೇಲಿದೆ. ಯಾರೋ ಮೇಲಕ್ಕೆ ತಂದು ನಿಲ್ಲಿಸಿರಬೇಕು. ಒಂದು ಊರು, ಒಂದು ಕೆರೆ, ಇನ್ನೆಷ್ಟು ಕಲ್ಲು ಇದ್ದೀತು?

ಜುಲೈ 9, ಸೋಮವಾರ

ಪ್ರಬಂಧ ಮುಗಿಯಿತು. ಒಂದು ವಾಕ್ಯಕ್ಕೆ ಮಾತ್ರ ತುಂಬ ಹೊತ್ತು ಹಿಡಿಯಿತು. “ಈ ಕಲ್ಲಿನ ಅಚ್ಚನ್ನು ನಾವೇ ತೆಗೆದು, ಓದಿ ಖಚಿತಪಡಿಸಿಕೊಂಡಿದ್ದೇವೆ.” ತೆಗೆದದ್ದಂತೂ ನಿಜ. ಖಚಿತವೂ ನಿಜ. ಹಾಗೆ ಬರೆಯದಿದ್ದರೆ ಸಂಪುಟವನ್ನು ನಕಲು ಮಾಡಿದಂತೆ ಕಾಣುತ್ತದೆ.

ಅಶ್ವಥ್ ಅಲ್ಲಿಗೇ ಬಂದು ನಿಂತ. “ಭಾನು, ಓದುದ್ಯಾ ನೀನು? ಆ ಹಾಳೇಲಿ?”

“ಬೆಳಕಿಗೆ ಹಿಡಿದು ನೋಡಿದೆ ಕಣೋ. ಕಾಣುತ್ತೆ.”

ಇಬ್ಬರ ಹೆಸರನ್ನೂ ಹಾಕಿದ್ದೇನೆ, ಅವನದೇ ಮೊದಲು.

ಜುಲೈ 28, ಶನಿವಾರ

ಮೊದಲ ಬಹುಮಾನ. ಮೇಡಂ ಕಣ್ಣೊರೆಸಿಕೊಂಡರು. ಅಪ್ಪ ರೇಷ್ಮೆ ಮಾರುಕಟ್ಟೆಯಿಂದ ಗೂಡಿನ ವಾಸನೆ ಹೊತ್ತುಕೊಂಡೇ ನೇರ ಸಭೆಗೆ ಬಂದು ಹಿಂದೆ ನಿಂತಿದ್ದರು. ಚಪ್ಪಾಳೆ ಬಿದ್ದಾಗ ನನಗೆ ಒಂದು ಕ್ಷಣ ಆ ಮಸಿಮುದ್ದೆಯ ಹಾಳೆ ನೆನಪಾಯಿತು. ಆಮೇಲೆ ಹೋಳಿಗೆ ಊಟ.

ಆಗಸ್ಟ್ 2, ಗುರುವಾರ

ಪೇಪರಿನಲ್ಲಿ ಬಂದಿದೆ. “ದೇವಿಯಲ್ಲ, ಯೋಧ: ವಿದ್ಯಾರ್ಥಿಗಳ ಸಂಶೋಧನೆ.” ನನ್ನ ಫೋಟೋದಲ್ಲಿ ಒಂದು ಕಣ್ಣು ಮುಚ್ಚಿದೆ. ಅಪ್ಪ ಅಂಗಡಿಯಲ್ಲಿದ್ದ ಪ್ರತಿಗಳನ್ನೆಲ್ಲ ಕೊಂಡು ಗೂಡಿನ ಮಾರುಕಟ್ಟೆಯಲ್ಲಿ ಹಂಚಿದರಂತೆ. ನಮ್ಮೂರು ರಾಮನಗರ ಜಿಲ್ಲೆಯಾಗುತ್ತದೆ ಎಂಬ ಬ್ಯಾನರುಗಳ ಗದ್ದಲದಲ್ಲೂ ನನ್ನ ಸುದ್ದಿ ಓದಿದವರಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಗುರುತು ಹಿಡಿದರು.

ಆಗಸ್ಟ್ 9, ಗುರುವಾರ

ಅಶ್ವಥ್ ವಾರದಿಂದ ಕಾಲೇಜಿಗೆ ಬಂದಿರಲಿಲ್ಲ. ಇವತ್ತು ಬಂದ. ಕ್ಯಾಂಟೀನಿನಲ್ಲಿ ಟೀ ಮುಟ್ಟದೆ ಹೇಳಿದ.

ಕೈಗಾರಿಕಾ ಬಡಾವಣೆಗೆ ಜಮೀನು ಹೋಗುವುದು ಎಲ್ಲರಿಗೂ ಗೊತ್ತೇ ಇತ್ತು. ಆದರೆ ಏರಿಯ ಮೇಲೆ ದೇವರಿದೆ ಎಂದು ಹೆಂಗಸರು ಅರ್ಜಿ ಕೊಟ್ಟಿದ್ದರಂತೆ. ಭೂಸ್ವಾಧೀನದ ಸಾಹೇಬರು ಏರಿಯನ್ನು ಬಿಟ್ಟು, ಕಾರ್ಖಾನೆಯ ರಸ್ತೆಯನ್ನು ಬಳಸಿ ಒಯ್ಯಲು ಒಪ್ಪಿದ್ದರಂತೆ. ಈಗ ಊರಿನ ಕೆಂಪರಾಜು ನಮ್ಮ ಪೇಪರು ಹಿಡಿದು ಹೋಗಿ ಅವರ ಮುಂದೆ ಹಾಕಿದ್ದಾನೆ. ರಸ್ತೆ ನೇರ ಹೋದರೆ ಅವನ ಹೊಲ ಉಳಿಯುತ್ತದೆ. ದೇವರೇ ಅಲ್ಲವೆಂದಮೇಲೆ ಏರಿ ಯಾಕೆ ಬಿಡಬೇಕು ಎಂದು ಸಾಹೇಬರೂ ತಿರುಗಿಬಿಟ್ಟಿದ್ದಾರೆ. ಏರಿ ಕಡಿಯುತ್ತಾರೆ.

“ಮನೆ ಹುಡುಗನೇ ಬರ್ದವ್ನೆ ಅಂತ ಊರಲ್ಲಿ ಉಗೀತಾವ್ರೆ ನಂಗೆ,” ಅಂದ. “ಅದು ಹೋಗ್ಲಿ. ಅಜ್ಜಿ ಹೋದ ಶುಕ್ರವಾರ ದೀಪ ಹಚ್ಚಾಕೆ ಹೋಗ್ನಿಲ್ಲ. ನಾನು ಕಂಡಂಗೆ ಒಂದು ಶುಕ್ರವಾರ ತಪ್ಸಿದೋಳಲ್ಲ. ‘ಯಾವನೋ ಗಂಡಸಿಗೆ ಮೈ ತೊಳೀತಿದ್ನಲ್ಲ ಇಷ್ಟ್ ದಿನ’ ಅಂತ ಒಬ್ಳೇ ಕುಂತ್ಕತಾಳೆ.”

ಸತ್ಯವನ್ನು ಸತ್ಯ ಎಂದರೆ ತಪ್ಪೇನು ಎಂದು ನಾನು ಕೇಳಿದೆ. ಸತ್ಯವೇ ಅಲ್ಲವೇ ಎಂದು ಅವನು ನನ್ನ ಮುಖ ನೋಡಿದ. ಹೌದು ಅಂದೆ.

ಆಗಸ್ಟ್ 10, ಶುಕ್ರವಾರ

ಬರೆಯಲು ಮನಸ್ಸಿಲ್ಲ.

ಆಗಸ್ಟ್ 12, ಭಾನುವಾರ

ಯಾರಿಗೂ ಹೇಳದೆ ತೂಬಿನದೊಡ್ಡಿಗೆ ಹೋದೆ. ಅಜ್ಜಿ ನನ್ನನ್ನು ಕಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕೂತು, ನಾಚಿಕೆಯಾಗಿ ಎದ್ದು ಬಂದೆ.

ಏರಿಯ ಮೇಲೆ ಹಳೇ ಹೂವು ಒಣಗಿತ್ತು. ನಿಲ್ಲಲಾಗಲಿಲ್ಲ. ತೂಬಿನ ಕೆಳಗೆ ಇಳಿದೆ, ಕಾಲೆಲ್ಲ ಕೆಸರಾಗಿತ್ತು. ಅಲ್ಲಿ ಹೆಂಗಸರು ಬಟ್ಟೆ ಒಗೆಯುವ ಚಪ್ಪಡಿಯೊಂದಿದೆ. ಅದರ ಮೇಲೆ ಕೂತು ಕಾಲು ತೊಳೆದುಕೊಳ್ಳುತ್ತ ಅಂಚು ಹಿಡಿದುಕೊಂಡೆ. ಬೆರಳಿಗೆ ಏನೋ ಸಿಕ್ಕಿತು. ಬಗ್ಗಿ ನೋಡಿದರೆ ಪಕ್ಕದಲ್ಲಿ ಸಾಲಾಗಿ ಹಸುಗಳು, ಕೊಂಬು, ಗಂಗೆದೊಗಲು ಸಮೇತ. ಪಾಚಿ ಒರೆಸಿದೆ. ಕತ್ತಿ ಎತ್ತಿದ ಕೈ. ಅದರ ಕೆಳಗೆ ಅಕ್ಷರ. ಸಂಪುಟದಲ್ಲಿದ್ದ ಅದೇ ಅಕ್ಷರ, ಅದೇ ಬೊಮ್ಮ.

ನಾನು ನಿಜವಾಗಿ ಓದಿದ ಮೊದಲ ಶಾಸನ ಇದು. ಊರಿನವರು ಅದರ ಮೇಲೆ ಬಟ್ಟೆ ಕುಕ್ಕುತ್ತಾರೆ.

ಹಾಗಾದರೆ ಮೇಲಿನದು ಯಾವುದು? ನನಗೆ ಗೊತ್ತಿಲ್ಲ. ಯಾವತ್ತೂ ಗೊತ್ತಿರಲಿಲ್ಲ. ನಾನು ಅದನ್ನು ನೋಡೇ ಇಲ್ಲ. ನೋಡದೆ ಒಬ್ಬಳ ಹೆಸರು ಕಿತ್ತು ಇನ್ನೊಬ್ಬನ ಹೆಸರು ಇಟ್ಟೆ. ಬಸ್ಸಿನಲ್ಲಿ ಕೂರಲಾಗದೆ ರಾಮನಗರ ಬರುವ ಮೊದಲೇ ಇಳಿದು ನಡೆದೆ.

ಆಗಸ್ಟ್ 14, ಮಂಗಳವಾರ

ಮೇಡಂಗೆ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ, ಬಯ್ದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಚ್ಚಿನ ಹಾಳೆ ತೋರಿಸು ಅಂತ ನಾನೂ ಕೇಳಲಿಲ್ಲವಲ್ಲ, ಭಾನು. ಗೆದ್ದಿದ್ದೀವಿ ಅನ್ನೋ ಖುಷಿ.” ಆಮೇಲೆ ಕೇಳಿದರು, “ಬಹುಮಾನ ವಾಪಸು ಕೊಡೋದು ಸುಲಭ. ಆ ಅಜ್ಜಿಗೆ ಹೇಳೋದು ಕಷ್ಟ. ಮೊದಲು ಯಾವುದು ಮಾಡ್ತೀಯ?”

ಅಜ್ಜಿಗೆ ಎಂದೆ. ಮನೆಗೆ ಬಂದು ಬಹುಮಾನ ವಾಪಸು ಮಾಡುವ ಪತ್ರ ಬರೆದೆ.

ಆಗಸ್ಟ್ 18, ಶನಿವಾರ

ಅಶ್ವಥನಿಗೆ ಹೇಳಿದೆ. ಅವನು ಕೂಗಾಡಲಿಲ್ಲ. “ನಾನು ಕೇಳಿದ್ದೆ ನಿನ್ನ,” ಅಂದ, ಅಷ್ಟೇ. ನನ್ನ ಬ್ಯಾಗನ್ನು ತನ್ನ ಬೈಕಿನ ಮುಂದೆ ಇಟ್ಟುಕೊಂಡ. ತೂಬಿನದೊಡ್ಡಿಗೆ ಹೊರಟೆವು.

ಅಜ್ಜಿ ಮೊರದಲ್ಲಿ ಹುರುಳಿ ಕೇರುತ್ತಿದ್ದರು. ನಾನು ಓದಿರಲಿಲ್ಲ ಅಜ್ಜಿ, ಸುಳ್ಳು ಹೇಳಿದೆ, ಬೊಮ್ಮನ ಕಲ್ಲು ಕೆಳಗಿರುವ ಒಗೆಯೋ ಚಪ್ಪಡಿ ಅಂದೆ. ಮೊರ ನಿಂತಿತು. ಬಯ್ಯುತ್ತಾರೆ ಎಂದು ಕಾದೆ. ಅವರ ಮುಖದಲ್ಲಿ ಬಂದದ್ದು ಬೇರೆಯೇ.

“ಅಂಗಾರೆ ನಮ್ಮವ್ವ ನಮ್ಮವ್ವನೇ ಅಂತೀಯಾ?”

ಗೊತ್ತಿಲ್ಲ ಎನ್ನಬೇಕಿತ್ತು. ಅದನ್ನು ಹೇಳಲೆಂದೇ ಅಷ್ಟು ದೂರ ಹೋಗಿದ್ದೆ. ಆದರೆ ಆ ಮುಖ ನೋಡಿಕೊಂಡು ಹೇಗೆ ಹೇಳುವುದು?

“ಹೌದಜ್ಜಿ. ಅವಳೇ.”

ಅಜ್ಜಿ ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು. ಕಾಫಿ ಕಾಯಿಸಿದರು. ಒಂದು ಒಳ್ಳೆಯ ಮಾತು ಹೇಳಿ ಅವರ ಸಂಕಟ ಇಳಿಸಿದೆನಲ್ಲ ಎಂದು ನನಗೂ ಹಗುರವಾಯಿತು. ಅಶ್ವಥ್ ಕಾಫಿ ಕುಡಿಯಲಿಲ್ಲ.

ಆಗಸ್ಟ್ 20, ಸೋಮವಾರ

ಮೇಡಂ, ಅಶ್ವಥ್, ನಾನು ಸಾಹೇಬರ ಕಚೇರಿಗೆ ಹೋದೆವು. ಕೆಂಪರಾಜು ಅಲ್ಲೇ ಕೂತಿದ್ದ.

“ಏನವ್ವ, ಅವತ್ತು ಗಂಡು ಅಂದೆ, ಇವತ್ತು ಅಲ್ಲ ಅಂತೀಯ. ನೀನು ದಿನಕ್ಕೊಂದು ಹೇಳ್ತಿದ್ರೆ ನಮ್ಮ ಹೊಲ ಏನಾಗ್ಬೇಕು? ನಂದೂ ಒಸಿ ನೋಡು,” ಅಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಇನ್ನೂ ಕಷ್ಟವಾಯಿತು.

ಸಾಹೇಬರು ನನ್ನ ತಪ್ಪೊಪ್ಪಿಗೆಯನ್ನು ಎರಡು ಸಲ ಓದಿದರು. “ಅಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಏನು? ಕಲ್ಲನ್ನು ಸರಿಯಾಗಿ ತೊಳೆದು ಅಚ್ಚು ತನ್ನಿ. ಹೆಂಗಸಿನ ರೂಪವೋ, ಒಂದು ಬಳೆಯೋ, ಏನಾದರೂ ಕಂಡರೆ ದೇವಿ ಅಂತ ಬರೆದು ಏರಿ ಬಿಡ್ತೀನಿ. ಈ ವಾರದೊಳಗೆ.”

ಹೊರಗೆ ಬಂದಮೇಲೆ ಅಶ್ವಥ್ ಮೊದಲ ಸಲ ನಕ್ಕ. ಅಜ್ಜಿಯನ್ನು ಒಪ್ಪಿಸುವುದು ಹೇಗೆ ಎಂದು ನನಗೆ ಚಿಂತೆಯಾಗಿತ್ತು. ಅವನೇ ಹೇಳಿದ, “ಅವಳೇ ಅಂತ ನೀನು ಹೇಳಿದೀಯಲ್ಲ. ಇನ್ಯಾಕೆ ಒಪ್ಪಲ್ಲ?”

ಆಗಸ್ಟ್ 24, ಶುಕ್ರವಾರ

ಅಜ್ಜಿ ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಹಂಡೆಯಲ್ಲಿ ನೀರು ಕಾಯಿಸಿ ಏರಿಯ ಮೇಲೆ ತರಿಸಿದರು. ಸೀಗೆಪುಡಿ, ತೆಂಗಿನ ನಾರು. ಬಾಣಂತಿಗೆ ಎರೆಯುವಂತೆ ಮೊದಲು ಅಂಗೈಯಲ್ಲಿ ಬಿಸಿ ನೋಡಿ, ಆಮೇಲೆ ಹೊಯ್ದರು. “ಒಸಿ ತಡ್ಕೊ ಮಗ, ಒಸಿ ತಡ್ಕೊ,” ಎನ್ನುತ್ತಲೇ ಉಜ್ಜಿದರು. ಊರ ಹೆಂಗಸರೆಲ್ಲ ಸುತ್ತ ನಿಂತಿದ್ದರು.

ಮೊದಲು ಕೆಂಪು ನೀರು, ಆಮೇಲೆ ಹಳದಿ, ಆಮೇಲೆ ಕಪ್ಪು. ಪದರ ಪದರವಾಗಿ ಎದ್ದು ಬಂತು. ಎದ್ದ ಚೂರುಗಳನ್ನು ಅಜ್ಜಿ ನೆಲಕ್ಕೆ ಬೀಳಗೊಡದೆ ಸೆರಗಿನಲ್ಲಿ ಹಿಡಿದುಕೊಂಡರು. ನಾನು ತಲೆ ಎಂದುಕೊಂಡಿದ್ದ ಉಬ್ಬೂ ಎದ್ದು ಬಂತು. ಅದು ಬರೀ ಕುಂಕುಮದ ಗಂಟು.

ಕೆಳಗೆ ಏನೂ ಇರಲಿಲ್ಲ.

ಕಣ್ಣಿಲ್ಲ, ಮೂಗಿಲ್ಲ, ಕೈಯಿಲ್ಲ, ಬಳೆಯಿಲ್ಲ, ಒಂದು ಅಕ್ಷರವಿಲ್ಲ. ನುಣ್ಣನೆಯ ಕಲ್ಲು. ಇದ್ದದ್ದು ಎಷ್ಟೋ ತಲೆಮಾರಿನ ಕೈಗಳಲ್ಲಿ ಸವೆದುಹೋಯಿತೋ, ಮೊದಲಿಂದಲೇ ಇರಲಿಲ್ಲವೋ, ಹೇಳುವವರು ಯಾರು? ಮೇಡಂ ಕಾಗದ ಅಂಟಿಸಿದರು. ನಾನು ಬಡಿದೆ, ಮಸಿ ಒತ್ತಿದೆ. ಈ ಸಲ ಕಾಗದ ಚೆನ್ನಾಗಿ ಅಂಟಿತು, ಎಲ್ಲೂ ಹರಿಯಲಿಲ್ಲ. ಹಾಳೆ ಅಂಚಿನಿಂದ ಅಂಚಿಗೆ ಕಪ್ಪು.

ಅಜ್ಜಿಯ ಬೆರಳು ಕಲ್ಲಿನ ಮೇಲೆ ಹುಡುಕುತ್ತಲೇ ಇತ್ತು. “ಮುಕ ಎಲ್ಲವ್ವ? ಅವಳೇ ಅಂದ್ಯಲ್ಲ?” ಎಂದು ನನ್ನ ಕಡೆ ತಿರುಗಿದರು. “ನೋಡಿದೀನಿ ಅಂದ್ಯಲ್ಲ?”

ನೋಡಿದ್ದೇನೆ ಎಂದು ನಾನು ಈ ಸಲ ಹೇಳಿರಲಿಲ್ಲ. ಹಾಗೆಂದು ವಾದಿಸಲೇ? ಹೆಂಗಸರು ಒಬ್ಬೊಬ್ಬರಾಗಿ ಇಳಿದು ಹೋದರು. ಅಜ್ಜಿ ಹೆಗಲ ಮೇಲಿನ ಟವಲನ್ನು ಕಲ್ಲಿನ ಮೇಲೆ ಹೊದಿಸಿ, ಸೆರಗಿನಲ್ಲಿದ್ದ ಚೂರುಗಳನ್ನು ಹಿಡಿದುಕೊಂಡು ಮನೆಗೆ ನಡೆದರು. ಅಶ್ವಥ್ ಹಿಂದೆಯೇ ಹೋದ.

ಅವರಿಗೆ ಒಂದು ಕಥೆಯಿತ್ತು, ಒಂದು ಮುಖವಿತ್ತು. ಮೊದಲ ಸುಳ್ಳಿಗೆ ಕಥೆ ಹೋಯಿತು. ಸಮಾಧಾನಕ್ಕೆ ಹೇಳಿದ ಎರಡನೆಯದಕ್ಕೆ ಮುಖವೂ ಹೋಯಿತು. ಒಂದು ಸಲ, ಒಂದೇ ಒಂದು ಸಲ ‘ನನಗೆ ಗೊತ್ತಿಲ್ಲ’ ಎಂದಿದ್ದರೆ.

ಆಗಸ್ಟ್ 27, ಸೋಮವಾರ

ಕಪ್ಪು ಹಾಳೆಯನ್ನು ಸಾಹೇಬರಿಗೆ ಕೊಟ್ಟೆವು. “ಬರೀ ಕಲ್ಲು” ಎಂದು ಬರೆದು ಮೊಹರು ಹಾಕಿದರು.

ಸೆಪ್ಟೆಂಬರ್ 5, ಬುಧವಾರ

ಏರಿ ಕಡಿದರು. ನಾನು ಹೋಗಿದ್ದೆ, ಹೋಗದಿರಲು ಆಗಲಿಲ್ಲ. ಜೆಸಿಬಿಗೆ ಬೆಳಗಿನ ಹೊತ್ತು ಸಾಕಾಯಿತು. ಹೋದ ವಾರದ ಮಳೆಗೆ ಕೆರೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಒಡಕಿನಿಂದ ಅದು ಸದ್ದಿಲ್ಲದೆ ಹರಿದು, ಬೊಮ್ಮನ ಚಪ್ಪಡಿಯ ಮೇಲೆ ಹಾದು, ರಸ್ತೆಗೆಂದು ಅಗೆದ ಕಡೆ ಹೋಗಿ ಇಂಗಿತು. ಈ ಸಲ ಬೆನ್ನು ಕೊಡುವವರು ಇರಲಿಲ್ಲ. ಕೆಂಪರಾಜು ಕೂಡ ನೋಡಲಾರದೆ ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿದ.

ಅವಳನ್ನು ಬೆಲ್ಟು ಕಟ್ಟಿ ಎತ್ತಿ, ಬಸ್‌ಸ್ಟಾಪಿನ ಹತ್ತಿರ ಬಡಾವಣೆಯ ಬೋರ್ಡಿನ ಪಕ್ಕ ಇಳಿಸಿದರು. ನಿಧಾನ, ನಿಧಾನ ಎಂದು ನಾನು ಕೂಗಿದೆನಂತೆ. ಡ್ರೈವರ್ ನಕ್ಕ.

ಮೈಸೂರಿನ ಅರ್ಜಿ ಹಾಗೇ ಇದೆ. ತುಂಬಿಲ್ಲ.

ಸೆಪ್ಟೆಂಬರ್ 14, ಶುಕ್ರವಾರ, ಗೌರಿ ಹಬ್ಬ

ಅಮ್ಮ ಬಾಗಿನಕ್ಕೆ ತಂದಿದ್ದರಲ್ಲಿ ಒಂದು ರವಿಕೆ ಬಟ್ಟೆ, ಅಕ್ಕಿ, ಬೆಲ್ಲ, ಕೊಬ್ಬರಿ ತೆಗೆದುಕೊಂಡೆ. ಯಾರಿಗೆ ಎಂದು ಕೇಳಿದರು. ತವರಿಗೆ ಬಂದವಳಿಗೆ ಎಂದೆ. ಹಸಿರು ಬಳೆ ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಬಿಸ್ಮಿಲ್ಲಾ ಅವರ ಅಂಗಡಿಯಲ್ಲಿ ಕೊಂಡೆ.

ತೂಬಿನದೊಡ್ಡಿ ಸ್ಟಾಪಿನಲ್ಲಿ ಇಳಿದಾಗ ಜಿನುಗು ಮಳೆ. ಅವಳ ಮುಂದೆ ಒಂದು ಹೂವೂ ಇರಲಿಲ್ಲ. ಅಜ್ಜಿ ಹೊದಿಸಿದ್ದ ಟವಲು ಹೋಗಿತ್ತು, ಟಿಪ್ಪರುಗಳ ಧೂಳು ಮೈತುಂಬ. ನೀರಿನ ಬಾಟಲಿಯಿಂದ ತೊಳೆದೆ. ಅರಿಶಿನ ಕಲಸಿ ಹಚ್ಚಿದೆ. ಮಳೆಗೆ ಜಾರಿತು. ಮತ್ತೆ ಹಚ್ಚಿದೆ, ಮತ್ತೆ ಜಾರಿತು. ನನ್ನ ಕೈ, ಲಂಗ, ಚಪ್ಪಲಿ ಎಲ್ಲ ಹಳದಿ, ಅವಳ ಮೇಲೆ ಮಾತ್ರ ನಿಲ್ಲಲಿಲ್ಲ. ಬಸ್ಸಿಗೆ ಕಾದವರು ನೋಡುತ್ತಿದ್ದರು. ನೋಡಲಿ. ರವಿಕೆ ಬಟ್ಟೆ ಸುತ್ತಿ, ಮಡಿಲಿನಂತೆ ಮಾಡಿ ಅಕ್ಕಿ ಕಟ್ಟಿದೆ. ಗಂಟು ಸರಿ ಬಂತೋ ಇಲ್ಲವೋ, ನನಗೆ ಯಾರೂ ಹೇಳಿಕೊಟ್ಟಿಲ್ಲ.

ತಲೆ ಎತ್ತಿದರೆ ರಸ್ತೆಯ ಆಚೆ ಅಜ್ಜಿ. ಪಕ್ಕದಲ್ಲಿ ಛತ್ರಿ ಹಿಡಿದ ಅಶ್ವಥ್. ಎಷ್ಟು ಹೊತ್ತಿಂದ ನಿಂತಿದ್ದರೋ. ನಾನು ಕೈಮುಗಿದೆ. ಅವರು ನನ್ನ ಕಡೆ ನೋಡಲಿಲ್ಲ, ಕಲ್ಲಿನ ಕಡೆಯೂ ನೋಡಲಿಲ್ಲ. ರಸ್ತೆ ದಾಟಲೂ ಇಲ್ಲ. ತಿರುಗಿ ಹೋಗುವಾಗ ಮೊಮ್ಮಗನಿಗೆ ಹೇಳಿದ್ದು ನನಗೂ ಕೇಳಿಸಿತು.

“ಮೊದ್ಲು ಎಣ್ಣೆ ಹಚ್ಬೇಕು ಅಂತ ಹೇಳ್ಲಾ ಅವಳ್ಗೆ. ಎಣ್ಣೆ ಇಲ್ದೆ ಅರಿಶಿನ ನಿಲ್ಲಾಕಿಲ್ಲ.”

ಅಶ್ವಥ್ ಬಂದು ಹೇಳಲಿಲ್ಲ. ಬಸ್ಸು ಬಂತು.

ಹರಳೆಣ್ಣೆಯೋ ಎಳ್ಳೆಣ್ಣೆಯೋ ಕೇಳಲಿಲ್ಲ. ಎರಡೂ ಕೊಂಡಿಟ್ಟಿದ್ದೇನೆ, ಬರುವ ಶುಕ್ರವಾರಕ್ಕೆ.